ರಾಮಬಾಣವೂ ಕೊಕ್ಕೆಯೂ

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವಾಗ ಪಾರಿಭಾಷಿಕ ಪದಗಳೇ ದೊಡ್ಡ ತೊಡಕು ಎಂಬುದು ರೂಢಿಯ ಮಾತು. ಪದಕ್ಕಿಂತಲೂ ರೂಪಕವೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪೆಪ್ಟೈಡ್ ಜೋಡಿಸಿದ ನ್ಯಾನೋಕಣಗಳ ಮೂಲಕ ಕ್ಯಾನ್ಸರ್ ಗಡ್ಡೆಗೆ ಔಷಧ ಮುಟ್ಟಿಸುವ ಸಂಶೋಧನೆ ಇದಕ್ಕೆ ತಕ್ಕ ನಿದರ್ಶನ.

ರೋಗವನ್ನಷ್ಟೇ ಹುಡುಕಿ ಹೊಡೆಯುವ ಔಷಧವನ್ನು ಜರ್ಮನಿಯ ಪಾಲ್ ಎರ್ಲಿಖ್ ಕಳೆದ ಶತಮಾನದ ಆರಂಭದಲ್ಲಿ ‘ಮಾಂತ್ರಿಕ ಗುಂಡು’ ಎಂದು ಕರೆದನು. ನಮ್ಮಲ್ಲಿ ಅದಕ್ಕೆ ಸಿದ್ಧ ಪದವೊಂದು ಮೊದಲೇ ಇತ್ತು: ರಾಮಬಾಣ. ಮರಾಠಿಯಲ್ಲಿಯೂ ‘ರಾಮಬಾಣ ಉಪಾಯ’ವೆಂಬುದು ನಿತ್ಯದ ಮಾತು. ಕ್ಯಾನ್ಸರಿಗೆ ಮರಾಠಿ ‘ಕರ್ಕರೋಗ’ವೆಂದೂ ಹಳೆಯ ಕನ್ನಡ ವೈದ್ಯಬರಹ ‘ಅರ್ಬುದ’ವೆಂದೂ ಬೇರೆ ಬೇರೆ ಹೆಸರಿಟ್ಟಿವೆ, ಭ್ರಮೆಗೆ ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ ಹೆಸರು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಕಿರುಸರಪಳಿ. ಪ್ರೋಟೀನನ್ನು ದೀರ್ಘ ವಾಕ್ಯವೆನ್ನುವುದಾದರೆ ಇದು ಒಂದು ಪದ. ಜೀವಕೋಶಗಳು ಅಂಟಿಕೊಳ್ಳಲು ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲಗಳ ಕಿರುಕ್ರಮವೊಂದು ಆಧಾರವೆಂಬುದನ್ನು 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಹ್ಟಿ ತೋರಿಸಿದರು. ಈ ಕ್ರಮವನ್ನು ಗುರುತಿಸುವ ಇಂಟೆಗ್ರಿನ್ ಗ್ರಾಹಕಗಳು ಗಡ್ಡೆಯ ಹೊಸ ರಕ್ತನಾಳಗಳ ಮೇಲೆ ಹೇರಳವಾಗಿರುತ್ತವೆ. 1998ರಲ್ಲಿ ಇಂಥ ಪೆಪ್ಟೈಡಿಗೆ ಡಾಕ್ಸೊರುಬಿಸಿನ್ ಔಷಧವನ್ನು ಜೋಡಿಸಿ ಇಲಿಗಳಿಗೆ ಕೊಟ್ಟಾಗ ಗಡ್ಡೆಯ ಮೇಲೆ ಪರಿಣಾಮ ಹೆಚ್ಚಿತು, ವಿಷಬಾಧೆ ತಗ್ಗಿತು. ಆಸೆ ಹುಟ್ಟಿದ್ದು ನ್ಯಾಯವಾಗಿಯೇ.

ಆದರೆ ಬಾಣ ಬಿಲ್ಲಿನಿಂದ ಹೊರಟಾಗಲೇ ಗುರಿಯ ಕಡೆಗೆ ಮುಖ ಮಾಡಿರುತ್ತದೆ. ಪೆಪ್ಟೈಡಿಗೆ ಆ ಶಕ್ತಿಯಿಲ್ಲ. ಅದು ಭೀಮೆಯ ಪ್ರವಾಹದಲ್ಲಿ ತೇಲಿಬಿಟ್ಟ ಬುಟ್ಟಿಗೆ ಕಟ್ಟಿದ ಕೊಕ್ಕೆ. ಬುಟ್ಟಿಯನ್ನು ಒಯ್ಯುವುದು ಪ್ರವಾಹ. ದಂಡೆಯ ತಕ್ಕ ಬೇರು ತಗುಲಿದಾಗಲಷ್ಟೇ ಕೊಕ್ಕೆಗೆ ಕೆಲಸ. ನಡುದಾರಿಯಲ್ಲಿ ಯಕೃತ್ತು, ಗುಲ್ಮಗಳು ಕಣಗಳನ್ನು ಹಿಡಿದುಕೊಳ್ಳುತ್ತವೆ. ರಕ್ತದ ಪ್ರೋಟೀನುಗಳು ಮೆತ್ತಿಕೊಂಡು ಕೊಕ್ಕೆಯನ್ನೇ ಮುಚ್ಚಿಬಿಡುವುದುಂಟು. ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಟೊರಾಂಟೊದ ಸಂಶೋಧಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರಿದ ಪಾಲಿನ ಮಧ್ಯಾಂಕ ಶೇ. 0.7 ಮಾತ್ರ. ಕೊಕ್ಕೆಯಿಲ್ಲದವಕ್ಕೆ 0.6, ಇದ್ದವಕ್ಕೆ 0.9. ಕೊಕ್ಕೆಯಿಂದ ಲಾಭವುಂಟು, ರಾಮಬಾಣದ ಲಾಭವಲ್ಲ.

ಹಾಗೆಂದು ಈ ವಿದ್ಯೆ ವ್ಯರ್ಥವೆನ್ನುವುದೂ ಅಷ್ಟೇ ಅವಸರದ ಮಾತು. 1995ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಡಾಕ್ಸಿಲ್ ನ್ಯಾನೋಕಣದ ಔಷಧವೇ; ಅದರಲ್ಲಿ ಪೆಪ್ಟೈಡ್ ಇಲ್ಲ. ಹೃದಯಕ್ಕೆ ಆಗುವ ಹಾನಿಯನ್ನು ತಗ್ಗಿಸಿದ್ದೇ ಅದರ ದೊಡ್ಡ ಉಪಕಾರ. 2018ರಲ್ಲಿ ಅಲ್ಲಿಯೇ ಮಾನ್ಯವಾದ ಲ್ಯುಟಥೆರಾದಲ್ಲಿ ನ್ಯಾನೋಕಣವಿಲ್ಲ. ಪೆಪ್ಟೈಡು ವಿಕಿರಣ ಸೂಸುವ ಲ್ಯುಟೇಶಿಯಮನ್ನು ತಾನೇ ಹೊತ್ತು, ಜಠರ, ಕರುಳು, ಮೇದೋಜೀರಕ ಗ್ರಂಥಿಗಳ ಕೆಲವು ಬಗೆಯ ಗಡ್ಡೆಗಳಿಗೆ ಮುಟ್ಟಿಸುತ್ತದೆ. ಬುಟ್ಟಿಯೂ ಉಪಯುಕ್ತ, ಕೊಕ್ಕೆಯೂ ಉಪಯುಕ್ತ. ಎರಡನ್ನೂ ಕೂಡಿಸುವ ಕೆಲಸ ಇನ್ನೂ ನಡೆದಿದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈ ಉಸಾಬರಿ ಏಕೆ ಎಂದು ಕೇಳಬಹುದು. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಸೀಮೆಯಲ್ಲಿ ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ವೈದ್ಯರ ಮಾತು ಮರಾಠಿಯಲ್ಲಿ, ಹಾಸಿಗೆಯಲ್ಲಿರುವ ಅವ್ವನ ಕಿವಿ ಕನ್ನಡದಲ್ಲಿ. ನಡುವೆ ನಿಂತು ಅರ್ಥ ಹೇಳುವವರು ಬಹುಮಟ್ಟಿಗೆ ಮನೆಯ ಓದಿದ ಮಕ್ಕಳು, ಎಂದರೆ ನೀವೇ. “ಹೊಸ ಔಷಧ ಬಂದದಂತ, ರಾಮಬಾಣ ಅಂತ, ಖರೇ ಏನೋ ತಮ್ಮಾ?” ಎಂದು ಹಿರಿಯರು ಕೇಳಿದಾಗ ನೀವು ಆಡುವ ಒಂದು ಪದದ ಮೇಲೆ ಹೊಲ ಮಾರುವ ನಿರ್ಧಾರ ನಿಂತಿರಬಹುದು, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡುವ ನಿರ್ಧಾರವೂ ನಿಂತಿರಬಹುದು.

ಆದ್ದರಿಂದ ಅನುವಾದದ ತರಗತಿಯಲ್ಲಿ ಕಥೆ, ಕವಿತೆಗಳ ಜೊತೆಗೆ ಇಂಥ ಬರಹಗಳೂ ಇರಬೇಕು. ಪ್ರಯೋಗ ನಡೆದದ್ದು ಇಲಿಯ ಮೇಲೋ, ಮನುಷ್ಯರ ಮೇಲೋ? ಗಡ್ಡೆಯನ್ನು ಮುಟ್ಟಿದ್ದು ಎಷ್ಟು? ಯಾವುದಕ್ಕೆ ಹೋಲಿಸಿ ‘ಉತ್ತಮ’ ಎಂದರು? ಈ ಮೂರನ್ನು ಕೇಳಿ, ಬಳಿಕ ರೂಪಕವನ್ನು ಆರಿಸಿಕೊಳ್ಳಬೇಕು. ಅಲಂಕಾರಶಾಸ್ತ್ರವು ಔಚಿತ್ಯವೆಂದು ಕರೆದ ವಿವೇಕಕ್ಕೆ ಆಸ್ಪತ್ರೆಯ ಮೊಗಸಾಲೆಯಲ್ಲಿಯೂ ಕೆಲಸವುಂಟು.