ಅಳತೆಯ ವಿಶೇಷಣ: ಇಂಗ್ಲಿಷಿನ ಒಂದು ನಿಯಮ ಮತ್ತು ಕನ್ನಡದ ಷಷ್ಠಿ

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸುವಾಗ ಒಂದು ನಿಯಮವನ್ನು ಸಾಮಾನ್ಯವಾಗಿ ಬಾಯಿಪಾಠ ಮಾಡಿಸಲಾಗುತ್ತದೆ. ಕಾಲ, ದೂರ, ತೂಕ, ಬೆಲೆಗಳ ಅಳತೆಯನ್ನು ನಾಮಪದಕ್ಕೆ ಮೊದಲು ವಿಶೇಷಣವಾಗಿ ಬಳಸಿದಾಗ ಅಳತೆಯ ಪದ ಏಕವಚನದಲ್ಲಿರಬೇಕು, ಸಂಖ್ಯೆಗೂ ಅದಕ್ಕೂ ನಡುವೆ ಹೈಫನ್ ಇರಬೇಕು ಎಂಬುದೇ ಆ ನಿಯಮ. ‘ದಿ ಬಾಯ್ ಈಸ್ ಫೈವ್ ಇಯರ್ಸ್ ಓಲ್ಡ್’ ಸರಿ. ಆದರೆ ‘ಎ ಫೈವ್-ಇಯರ್-ಓಲ್ಡ್ ಬಾಯ್’ ಎಂದೇ ಹೇಳಬೇಕು. ಏಕೆಂದು ಕೇಳಿದರೆ, ಇಂಗ್ಲಿಷಿನಲ್ಲಿ ವಿಶೇಷಣಕ್ಕೆ ಬಹುವಚನವಿಲ್ಲ ಎಂಬ ಉತ್ತರ ದೊರೆಯುತ್ತದೆ. ಇದು ನಿಯಮದ ಪುನರುಕ್ತಿಯೇ ಹೊರತು ಕಾರಣವಲ್ಲ. ಕಾರಣವಿರುವುದು ಇಂಗ್ಲಿಷಿನ ಚರಿತ್ರೆಯಲ್ಲಿ. ವಿಭಕ್ತಿಗಳನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಅದು ಅಪರಿಚಿತವಾದುದೇನೂ ಅಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇಂಥ ಕಡೆ ಅಳತೆಯ ಪದ ಷಷ್ಠೀ ಬಹುವಚನದಲ್ಲಿ ಬರುತ್ತಿತ್ತು. ಅಡಿ ಎಂಬರ್ಥದ ‘ಫೋಟ್’ ಶಬ್ದದ ಪ್ರಥಮಾ ಬಹುವಚನ ‘ಫೇಟ್’, ಷಷ್ಠೀ ಬಹುವಚನ ‘ಫೋಟ’. ಕೊನೆಯ ‘ಅ’ಕಾರ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಸವೆದು ಕಡೆಗೆ ಲೋಪವಾಯಿತು, ಉಳಿದ ರೂಪ ಏಕವಚನವನ್ನೇ ಹೋಲಿತು. ಆದುದರಿಂದ ‘ಸಿಕ್ಸ್-ಫುಟ್ ವಾಲ್’ ಎಂಬಲ್ಲಿನ ‘ಫುಟ್’ ಮೂಲತಃ ಏಕವಚನವಲ್ಲ, ಪ್ರತ್ಯಯ ಕಳೆದುಕೊಂಡ ಷಷ್ಠಿ. ‘ಇಯರ್’, ‘ನೈಟ್’ ಪದಗಳ ಹಳೆಯ ರೂಪಗಳಿಗಂತೂ ಪ್ರಥಮಾ ವಿಭಕ್ತಿಯಲ್ಲಿ ಏಕವಚನ, ಬಹುವಚನ ಎರಡೂ ಒಂದೇ ಆಗಿದ್ದವು. ಹದಿನಾಲ್ಕು ರಾತ್ರಿ ಎಂಬರ್ಥದ ‘ಫೋರ್ಟ್‌ನೈಟ್’ ಅದರ ಕುರುಹು. ಫ್ರೆಂಚಿನಿಂದ ಬಂದ ‘ಮಿನಿಟ್’ನಂಥ ಪದಗಳು ಮುಂದೆ ಇದೇ ಅಚ್ಚಿಗೆ ಬಿದ್ದವು. ಸಮಾಸದ ಪೂರ್ವಪದ ಸಾಮಾನ್ಯವಾಗಿ ವಚನವನ್ನು ತೋರಿಸದಿರುವ ಇಂಗ್ಲಿಷಿನ ಸ್ವಭಾವವೂ ಇದಕ್ಕೆ ನೆರವಾಯಿತು. ‘ಬುಕ್‌ಶಾಪ್’ನಲ್ಲಿರುವುದು ಒಂದೇ ಪುಸ್ತಕವಲ್ಲ, ನಮ್ಮ ‘ಹೂವಿನ ಅಂಗಡಿ’ಯಲ್ಲಿರುವುದೂ ಒಂದೇ ಹೂವಲ್ಲ.

ಇಂಗ್ಲಿಷ್ ಕಳೆದುಕೊಂಡ ಷಷ್ಠಿಯನ್ನು ಕನ್ನಡ ಉಳಿಸಿಕೊಂಡಿದೆ. ‘ಹತ್ತು ನಿಮಿಷದ ದಾರಿ’, ‘ಐದು ವರ್ಷದ ಹುಡುಗ’, ‘ಎರಡು ಸೇರಿನ ಪಾತ್ರೆ’ ಇವೆಲ್ಲವೂ ಷಷ್ಠಿಯೇ. ಆದರೆ ‘ಎರಡು ಸೇರು ಅಕ್ಕಿ’ ಎನ್ನುವಾಗ ಷಷ್ಠಿ ಇಲ್ಲ. ಮೊದಲ ಬಗೆಯಲ್ಲಿ ಅಳತೆಯು ವಸ್ತುವಿನ ಲಕ್ಷಣವನ್ನು ಹೇಳಿದರೆ, ಎರಡನೆಯದರಲ್ಲಿ ವಸ್ತುವನ್ನೇ ಅಳೆದು ಕೊಡುತ್ತದೆ. ಇಂಗ್ಲಿಷಿನಲ್ಲೂ ಈ ಭೇದವಿದೆ, ಆದರೆ ಗುರುತು ತಿರುವುಮುರುವು. ‘ಎರಡು ಲೀಟರ್ ಹಾಲು’ ಅಲ್ಲಿ ‘ಟು ಲೀಟರ್ಸ್ ಆಫ್ ಮಿಲ್ಕ್’ ಎಂದು ಸಂಬಂಧಸೂಚಕವನ್ನು ಬೇಡುತ್ತದೆ. ‘ಎರಡು ಲೀಟರಿನ ಬಾಟಲಿ’ ಏನೂ ಬೇಡದೆ ‘ಟು-ಲೀಟರ್ ಬಾಟ್ಲ್’ ಆಗುತ್ತದೆ. ನಮ್ಮ ವಿದ್ಯಾರ್ಥಿ ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಬಹುವಚನದ ‘ಎಸ್’ ಅನ್ನು ಎಲ್ಲಿ ಬಿಡಬೇಕೆಂದು ಕಂಠಪಾಠ ಮಾಡಿಸುವ ಬದಲು, ಕನ್ನಡದಲ್ಲಿ ಷಷ್ಠಿ ಬರುವ ಕಡೆ ಇಂಗ್ಲಿಷಿನಲ್ಲಿ ‘ಎಸ್’ ಬಿಟ್ಟುಹೋಗುತ್ತದೆ ಎಂದು ತೋರಿಸಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ‘ಹತ್ತು ರೂಪಾಯಿ ನೋಟು’ ಎಂಬಲ್ಲಿ ಷಷ್ಠಿ ಲೋಪವಾಗಿದೆಯಲ್ಲ ಎಂಬ ಆಕ್ಷೇಪ ಬರಬಹುದು. ‘ಹತ್ತು ರೂಪಾಯಿಯ ನೋಟು’ ಎಂದು ಬಿಡಿಸಲು ಬರುತ್ತದೆ. ‘ಎರಡು ಸೇರಿನ ಅಕ್ಕಿ’ ಎಂದು ಬಿಡಿಸಲು ಬರುವುದಿಲ್ಲ.

ಹೈಫನ್ನಿನ ವಿಷಯವೂ ಇಷ್ಟೇ ಕುತೂಹಲಕರ. ‘ತ್ರೀ ಹಂಡ್ರೆಡ್-ಇಯರ್-ಓಲ್ಡ್ ಟ್ರೀಸ್’ ಎಂದರೆ ನೂರು ವರ್ಷದ ಮೂರು ಮರಗಳು. ‘ತ್ರೀ’ ಪದದ ಮುಂದೆಯೂ ಹೈಫನ್ ಬಂದರೆ ಮುನ್ನೂರು ವರ್ಷದ ಮರಗಳು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸವನ್ನು ಮುಖ್ಯವಾಗಿ ಕಣ್ಣಿಗೆ ಕಾಣುವ ಗೆರೆ ಹೊರುತ್ತದೆ. ಕನ್ನಡದಲ್ಲಿ ‘ಮೂರು’ ಎಂಬುದು ‘ಮುನ್’ ಆಗಿ ಸಮಾಸವಾಗುವುದರಿಂದ ಅದು ಕಿವಿಗೇ ತಿಳಿಯುತ್ತದೆ. ಇಮ್ಮಡಿ ಪುಲಕೇಶಿ, ನಾಲ್ವಡಿ ಕೃಷ್ಣರಾಜ ಒಡೆಯರು ಎನ್ನುವಾಗಲೂ ಸಂಖ್ಯೆಯನ್ನು ವಿಶೇಷಣವಾಗಿಸುವುದು ಈ ಬಗೆಯ ಸಮಾಸವೇ. ಸಾವಿರದ ಮಟ್ಟದಲ್ಲಿ ಇಂದಿನ ಕನ್ನಡಕ್ಕೆ ಈ ಅನುಕೂಲವಿಲ್ಲ. ಅಲ್ಲಿ ಪದಕ್ರಮವನ್ನೇ ನೆಚ್ಚಬೇಕು. ಹೀಗಿರುವಾಗ ಅನುವಾದಗಳಲ್ಲಿ ‘ಮೂರು-ದಿನ ಕಾರ್ಯಾಗಾರ’ ಎಂದು ಹೈಫನ್ನನ್ನು ಎರವಲು ತಂದು ಷಷ್ಠಿಯನ್ನು ಕೈಬಿಡುವುದು ಅನವಶ್ಯಕ.

ನಮ್ಮ ಶಾಲಾ ವ್ಯಾಕರಣಗಳು ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಸಂಖ್ಯಾವಾಚಕದಲ್ಲಿ ಒಂದು, ಎರಡು. ಪರಿಮಾಣವಾಚಕದಲ್ಲಿ ಅಷ್ಟು, ಇಷ್ಟು, ಹಲವು. ‘ಐದು ವರ್ಷದ’ ಎಂಬುದಕ್ಕೆ ಎರಡರಲ್ಲಿಯೂ ಸ್ಥಳವಿಲ್ಲ. ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಹೊಂದುವುದಿಲ್ಲವೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯಲ್ಲಿ ವಾದಿಸಿದ ಮೇಲೆ ಚರ್ಚೆ ಬಹಳವಾಗಿ ನಡೆದಿದೆ. ಇಂಥ ಸಣ್ಣ ರಚನೆಗಳ ವಿವರಣೆಗೆ ಆ ಚರ್ಚೆ ಇಳಿದದ್ದು ಕಡಿಮೆ. ಪಾರಿಭಾಷಿಕ ಪದರಚನೆಯಲ್ಲಿ ನಾವು ಸಂಸ್ಕೃತ ಸಮಾಸದ ಮೊರೆಹೊಕ್ಕೆವು. 1951ರಲ್ಲಿ ಆರಂಭವಾಗಿ 2017ರವರೆಗೆ ನಡೆದ ‘ಫೈವ್-ಇಯರ್ ಪ್ಲಾನ್’ಗಳು ‘ಪಂಚವಾರ್ಷಿಕ’ ಯೋಜನೆಗಳಾದವು. ‘ಐದು ವರ್ಷದ ಯೋಜನೆ’ ಎಂದಿದ್ದರೆ ಗಾಂಭೀರ್ಯ ಕುಂದುತ್ತಿತ್ತೇನೋ!

ಇನ್ನು ‘ಎರಡು ದಿನಗಳ ವಿಚಾರ ಸಂಕಿರಣ’ ಎಂಬ ಆಹ್ವಾನಪತ್ರಿಕೆಯ ಭಾಷೆ. ‘ಗಳ’ ತಪ್ಪೆಂದು ನಾನು ಹೇಳುವುದಿಲ್ಲ. ‘ಐದು ವರ್ಷಗಳ ದುಡಿಮೆ’ ಎನ್ನುವಾಗ ಒಂದೊಂದು ವರ್ಷವೂ ಲೆಕ್ಕಕ್ಕೆ ಬರುತ್ತದೆ. ‘ಐದು ವರ್ಷಗಳ ಹುಡುಗ’ ಎಂದು ಮಾತ್ರ ಯಾರೂ ಆಡುವುದಿಲ್ಲ. ಇಂಗ್ಲಿಷಿನಲ್ಲಿಯೂ ‘ಟೆನ್-ಮಿನಿಟ್ ವಾಕ್’ ಜೊತೆಗೆ ‘ಟೆನ್ ಮಿನಿಟ್ಸ್ ವಾಕ್’ ಎಂಬ ರೂಪವುಂಟು. ಬರಹದಲ್ಲಿ ‘ಎಸ್’ ಆದ ಮೇಲೆ ಬರುವ ಚಿಹ್ನೆ ಅದು ಷಷ್ಠೀ ಬಹುವಚನವೆಂಬುದನ್ನು ಸಾರುತ್ತದೆ. ‘ದಿನದ’ ಮತ್ತು ‘ದಿನಗಳ’ ಇವೆರಡರ ಅರ್ಥಭೇದವನ್ನು ಆಡುನುಡಿಯ ಹಾಗೂ ಬರಹದ ಪ್ರಯೋಗಗಳಿಂದ ಸಂಗ್ರಹಿಸಿ ನೋಡುವುದು ಒಬ್ಬ ಎಂ.ಫಿಲ್. ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸವಾಗುತ್ತಿತ್ತು. ಆ ಪದವಿಯೇ ಈಗ ನಿಂತುಹೋಗಿರುವುದರಿಂದ ಪಿಎಚ್.ಡಿ. ಮಾಡುತ್ತಿರುವವರೇ ಇದನ್ನು ಕೈಗೆತ್ತಿಕೊಳ್ಳಬೇಕಾಗಿದೆ.