ಗಡಿ ದಾಟಿದ ಹಳಿ, ಘಟ್ಟ ಏರದ ಹಳಿ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕುಟುಂಬವೊಂದು ಹುಬ್ಬಳ್ಳಿಯ ತನ್ನ ಬಂಧುಗಳ ಮನೆಯ ಮದುವೆಗೆ ರೈಲಿನಲ್ಲಿಯೇ ಬರಬೇಕೆಂದು ಬಯಸಿದರೆ ಏನು ಮಾಡಬೇಕು? ಉತ್ತರಾಭಿಮುಖವಾಗಿ ಗೋವೆಯ ಮಡಗಾಂವಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ದೂಧಸಾಗರದ ಘಟ್ಟವೇರಿ, ಕ್ಯಾಸಲ್‌ರಾಕಿನಲ್ಲಿ ಮತ್ತೆ ಸ್ವಂತ ಜಿಲ್ಲೆಯನ್ನೇ ಪ್ರವೇಶಿಸಿ ಮುಂದೆ ಸಾಗಬೇಕು. ಕನ್ನಡನಾಡಿನೊಳಗಿನ ಪಯಣಕ್ಕೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕಾದ ಈ ಸ್ಥಿತಿಯ ಹಿಂದೆ ದೀರ್ಘವಾದ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಹೆಸರಾಂತ ಬಂದರು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿ ಹಡಗನ್ನೇರುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು. ವಿದೇಶದ ಪೇಟೆಗಳಲ್ಲಿ ಹತ್ತಿಯ ಒಂದು ಬಗೆಗೆ ಕುಮಟಾದ ಹೆಸರೇ ನಿಂತಿತು.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ಗಾಡಿಯ ಸಂತತಿ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಆದರೆ ಆ ಹಳಿ ಕುಮಟೆಗೆ ಇಳಿಯಲಿಲ್ಲ. ಬ್ರಿಟಿಷರೂ ಪೋರ್ತುಗೀಜರೂ 1878ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಗೋವೆಯ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ ದಾರಿ ನಿರ್ಮಾಣವಾಗಿ 1888ರಲ್ಲಿ ಸಿದ್ಧವಾಯಿತು. ಬಯಲುಸೀಮೆಯ ಸರಕು ಆ ಕಡೆ ಹೊರಳಿತು. ಕುಮಟೆಯ ವ್ಯಾಪಾರ ಕುಗ್ಗಿತು. ಊರನ್ನು ಬೆಳೆಸುವ ರೈಲು ತಾನು ಬಾರದ ಊರನ್ನು ಬಡವಾಗಿಸಲೂ ಬಲ್ಲದು.

ಕ್ಯಾಸಲ್‌ರಾಕ್ ಅಂದು ಎರಡು ಆಳ್ವಿಕೆಗಳ ಗಡಿಯ ನಿಲ್ದಾಣ. ಈಚೆಗೆ ಇಲ್ಲಿ, ಆಚೆಗೆ ಕುಳೆಯಲ್ಲಿ ಸುಂಕದವರ ತಪಾಸಣೆ. ಸ್ವಾತಂತ್ರ್ಯಾನಂತರ ಗೋವೆಯ ಪ್ರಶ್ನೆ ಬಿಗಡಾಯಿಸಿ 1955ರಲ್ಲಿ ಗಡಿಯಾಚೆಗಿನ ಸಂಚಾರವೇ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಬಳಿಕವೇ ಆ ಗೆರೆ ಅಳಿಸಿತು. ಹಳಿ ಇದ್ದ ಮಾತ್ರಕ್ಕೆ ಹೋಗುಬರವು ಇರುವುದಿಲ್ಲ. 1976ರಲ್ಲಿ ಭಾರತ-ಪಾಕಿಸ್ತಾನಗಳ ನಡುವೆ ಆರಂಭವಾದ ಸಂಝೋತಾ ಗಾಡಿ 2019ರಲ್ಲಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಕರಾವಳಿಯ ಸರದಿ ಬಂದದ್ದು ನೂರು ವರ್ಷಗಳ ಬಳಿಕ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಜಾರ್ಜ್ ಫರ್ನಾಂಡಿಸರು ಆಗ ರೈಲ್ವೆ ಸಚಿವರು. ನಿರ್ಮಾಣದ ಹೊಣೆ ಹೊತ್ತವರು ಇ. ಶ್ರೀಧರನ್. ಕೇಂದ್ರದೊಡನೆ ಮಹಾರಾಷ್ಟ್ರ, ಕರ್ನಾಟಕ, ಗೋವೆ, ಕೇರಳಗಳೂ ಬಂಡವಾಳ ಹೂಡಿದವು. ಈ ದಾರಿಗಾಗಿ ನಲವತ್ತು ಸಾವಿರಕ್ಕೂ ಮಿಕ್ಕ ಭೂಮಾಲೀಕರು ಗದ್ದೆ ತೋಟಗಳನ್ನು ಬಿಟ್ಟುಕೊಟ್ಟರು. ರೋಹೆಯಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ದಾರಿ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. 2022ರಲ್ಲಿ ವಿದ್ಯುದೀಕರಣವೂ ಮುಗಿಯಿತು. ಈ ಮಾರ್ಗದ ಅತ್ಯಂತ ಉದ್ದದ ಸೇತುವೆ ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಅದರ ಉದ್ದ 2 ಕಿ.ಮೀ.ಗೂ ಹೆಚ್ಚು. ಹಿಂದೆ ತಾರಿಯ ದೋಣಿಗಾಗಿ ಕಾಯುತ್ತಿದ್ದ ಹೊಳೆಯನ್ನು ಇಂದು ಗಾಡಿ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ.

ಹೀಗೆ ಮುಂಬಯಿ ಹತ್ತಿರವಾಯಿತು, ಕೇರಳ ಹತ್ತಿರವಾಯಿತು. ಆದರೆ ಹುಬ್ಬಳ್ಳಿ ಹತ್ತಿರವಾಗಲಿಲ್ಲ. ಮಂಜೂರಾಗಿ ಕಾಲು ಶತಮಾನ ಕಳೆದರೂ ಹುಬ್ಬಳ್ಳಿ-ಅಂಕೋಲಾ ಮಾರ್ಗ ಪೂರ್ಣವಾಗಿಲ್ಲ. ಶಿವಮೊಗ್ಗದ ಹಳಿ ಜೋಗದ ಸಮೀಪದ ತಾಳಗುಪ್ಪದಲ್ಲಿಯೇ ನಿಂತಿದೆ. ಅದು ಹೊನ್ನಾವರಕ್ಕೆ ಇಳಿಯಬೇಕೆಂಬುದು ಹಳೆಯ ಬೇಡಿಕೆ.

ಅಡ್ಡಿಯಾಗಿರುವುದು ಕೇವಲ ಉದಾಸೀನವೆಂದರೆ ಸತ್ಯಕ್ಕೆ ಅಪಚಾರವಾದೀತು. ನಡುವೆ ಇರುವುದು ಪಶ್ಚಿಮಘಟ್ಟದ ಕಾಡು. ಶರಾವತಿ, ಅಘನಾಶಿನಿಗಳಿಗೆ ನೀರೂಡುವ ತಾಯಿ ಅದು. ಮಳೆಗಾಲದಲ್ಲಿ ಕುಸಿಯುವ ಗುಡ್ಡಗಳ ಕೆಳಗೆ ವಾಸಿಸುವವರಿಗೆ ಮರದ ಬೇರಿನ ಬೆಲೆಯನ್ನು ಯಾರೂ ಕಲಿಸಬೇಕಿಲ್ಲ. ಕಾಡನ್ನು ಲೆಕ್ಕಿಸದೆ ರೈಲು ಬೇಕೆನ್ನುವುದು ವಿವೇಕವಲ್ಲ. ಪ್ರತಿ ಚುನಾವಣೆಯಲ್ಲಿ ಆಸೆ ಹುಟ್ಟಿಸಿ ಮರೆಯುವುದು ನ್ಯಾಯವೂ ಅಲ್ಲ. ಎಷ್ಟು ಮರ ಹೋಗುತ್ತದೆ, ಎಷ್ಟು ಜನರಿಗೆ ಅನುಕೂಲವಾಗುತ್ತದೆ, ಸುರಂಗದಿಂದ ಎಷ್ಟು ಕಾಡು ಉಳಿದೀತು ಎಂಬ ಲೆಕ್ಕವನ್ನು ಜನರ ಮುಂದಿಟ್ಟು, ಆಗುವುದಾದರೆ ಆಗುತ್ತದೆಂದೂ ಆಗದಿದ್ದರೆ ಆಗದೆಂದೂ ಹೇಳುವುದೇ ಆಳುವವರ ಕರ್ತವ್ಯ. ಹಾಗೆ ಕೇಳುವುದು ನಮ್ಮೆಲ್ಲರ ಕರ್ತವ್ಯ.

ಬಯಲುಸೀಮೆಯಿಂದ ಇಳಿದು ಕರಾವಳಿಯಲ್ಲಿ ನೆಲೆಸಿದ ನಮ್ಮ ಮನೆತನಗಳು ಬಂದದ್ದು ಗಾಡಿದಾರಿಯಲ್ಲಿ. ಇಂದು ದೇವಿಮನೆ ಘಟ್ಟದ ಬಸ್ಸಾದರೂ ಇದೆ. ಹಳಿ ಬರುವವರೆಗೆ ಕಾಯುತ್ತ ನಂಟು ಸಡಿಲವಾಗಲು ಬಿಡಬಾರದು. ಈ ರಜೆಯಲ್ಲಿ ಮಕ್ಕಳನ್ನು ಘಟ್ಟದ ಮೇಲಿನ ಬಂಧುಗಳ ಮನೆಗೆ ಕರೆದೊಯ್ಯಿರಿ. ಅವರನ್ನೂ ಕಡಲ ತೀರಕ್ಕೆ ಕರೆಯಿರಿ.