ಎರಡು ನುಡಿ, ಒಂದು ದಾರಿ

ಈಚೆಗೆ ಒಂದು ಮಧ್ಯಾಹ್ನ ಬಿ.ಎ. ತರಗತಿಯಲ್ಲಿ ಜನಪದ ಮಹಾಕಾವ್ಯಗಳ ಪಾಠ ಮುಗಿಸಿ ಹೊರಬರುತ್ತಿದ್ದೆ. ಕಂಪ್ಲಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲನ್ನು ಮುಂದೆ ಹಿಡಿದು, “ಸರ್, ಇದು ಯಾವ ಭಾಷಿ ಹೇಳ್ರಿ ನೋಡೋಣ” ಎಂದ. ಕಿವಿಗೊಟ್ಟೆ. ಹಿನ್ನೆಲೆಯಲ್ಲಿ ಗಿಟಾರು, ಆರ್ಗನ್ನು, ಡ್ರಮ್ಮುಗಳ ಅಮೆರಿಕದ ಅಬ್ಬರ. ಅದರ ಮೇಲೆ ತೆಳ್ಳಗೆ ಏರಿ, ನಡುಗುತ್ತ ಇಳಿಯುವ ಒಬ್ಬ ಹೆಣ್ಣುಮಗಳ ದನಿ. ಭಾಷೆ ನನಗೆ ತಿಳಿಯಲಿಲ್ಲ. ಅದು ಕಾಂಬೋಡಿಯದ ಖ್ಮೇರ್ ಭಾಷೆಯೆಂದೂ, ಹಾಡುತ್ತಿರುವುದು ಲಾಸ್ ಏಂಜಲೀಸ್ ನಗರದ ‘ಡೆಂಗ್ಯೂ ಫೀವರ್’ ಎಂಬ ವಿಚಿತ್ರ ಹೆಸರಿನ ತಂಡವೆಂದೂ ಆತನೇ ತಿಳಿಸಿದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ, “ನಮ್ಮೂರಿಗೆ ಬರೋ ಬುರ್ರಕಥಿ ಅವ್ವನ ದನೀನೂ ಹಿಂಗ ಐತ್ರಿ ಸರ್” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ, ಅಲ್ಲಿ ನಗುವಂಥದು ಏನೂ ಇರಲಿಲ್ಲವೆಂದು ತೋರಿತು.

ಆ ತಂಡದ ಕಥೆಯನ್ನು ವಿಚಾರಿಸಿ ತಿಳಿದುಕೊಂಡೆ. 1960ರ ದಶಕದಲ್ಲಿ ಕಾಂಬೋಡಿಯದ ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ಹೊಸ ಹಾಡುಗಾರಿಕೆ ಹುಟ್ಟಿತ್ತು. ನೆರೆಯ ವಿಯೆಟ್ನಾಮಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗಾಗಿ ಪ್ರಸಾರವಾಗುತ್ತಿದ್ದ ರೇಡಿಯೋ ಹಾಡುಗಳನ್ನು ಕೇಳಿದ ಅಲ್ಲಿನ ಗಾಯಕರು ಗಿಟಾರನ್ನು ತಮ್ಮ ಖ್ಮೇರ್ ರಾಗಗಳಿಗೆ ಒಗ್ಗಿಸಿಕೊಂಡರು. ಸಿನ್ ಸಿಸಾಮುತ್, ರೋಸ್ ಸೆರೆಸೊತಿಯಾ ಎಂಬವರು ಆ ಕಾಲದ ಮನೆಮಾತಾಗಿದ್ದ ಹೆಸರುಗಳು. 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಪಡೆ ನಗರವನ್ನು ಹಿಡಿಯಿತು. 1979ರ ಜನವರಿಯಲ್ಲಿ ಆ ಆಳ್ವಿಕೆ ಕೊನೆಗೊಳ್ಳುವ ಹೊತ್ತಿಗೆ ಸುಮಾರು 17 ಲಕ್ಷ ಜನ ಸತ್ತಿದ್ದರೆಂದು ಅಂದಾಜು. ಆ ಇಬ್ಬರು ಗಾಯಕರೂ ಮರಳಿ ಬರಲಿಲ್ಲ. ಅವರ ಹಾಡುಗಳು ಮಾತ್ರ ತಟ್ಟೆಗಳಲ್ಲಿ, ಕ್ಯಾಸೆಟ್ಟುಗಳಲ್ಲಿ ಉಳಿದವು. 1990ರ ದಶಕದ ಕೊನೆಯಲ್ಲಿ ಪ್ರವಾಸ ಹೋಗಿದ್ದ ಅಮೆರಿಕದ ತರುಣನೊಬ್ಬ ಅವುಗಳಿಗೆ ಮನಸೋತು, ಊರಿಗೆ ಮರಳಿ ತನ್ನ ಸಹೋದರನೊಡನೆ ತಂಡ ಕಟ್ಟಿದ. ಲಾಂಗ್ ಬೀಚ್‌ನ ಕಾಂಬೋಡಿಯ ವಲಸಿಗರ ನಡುವೆ ಹಾಡುತ್ತಿದ್ದ ಛೋಮ್ ನಿಮೊಲ್ ಎಂಬಾಕೆ ಅವರೊಡನೆ ಸೇರಿದಳು. 2005ರಲ್ಲಿ ತಂಡ ಕಾಂಬೋಡಿಯಕ್ಕೇ ಹೋಗಿ ಆ ಹಾಡುಗಳನ್ನು ಅಲ್ಲಿನವರ ಮುಂದೆ ಹಾಡಿತು.

ಅಮೆರಿಕದಿಂದ ಹೊರಟ ದನಿ ಕಾಂಬೋಡಿಯದಲ್ಲಿ ಬೆರೆತು, ಅಲ್ಲಿಂದ ಅಮೆರಿಕಕ್ಕೆ ಹೋಗಿ ಮತ್ತೆ ಬೆರೆತು, ತಿರುಗಿ ಬಂದದ್ದು ಈ ಕಥೆಯ ಸಾರ. ಇಲ್ಲಿ ಯಾವುದು ಮೂಲ, ಯಾವುದು ಬೆರಕೆ ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. ನಾವು ಇಂಥದನ್ನು ಆಧುನಿಕ ಕಾಲದ ಸೋಜಿಗವೆಂದು ಭಾವಿಸುತ್ತೇವೆ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಡುವಣ ಮಣ್ಣುದಾರಿಗಳಲ್ಲಿ ಇಂಥ ತಂಡಗಳು ತಲೆತಲಾಂತರದಿಂದ ನಡೆದಾಡಿವೆ. ಆ ಹುಡುಗಿ ಹೇಳಿದ್ದು ಅದನ್ನೇ.

ಬುರ್ರಕಥೆಯ ಮೇಳ ಹಿರಿದಲ್ಲ. ನಡುವೆ ತಂಬೂರಿ ಹಿಡಿದು ಕಥೆ ನಡೆಸುವ ಮುಖ್ಯ ಗಾಯಕರು. ಎರಡು ಪಕ್ಕದಲ್ಲಿ ಗುಮ್ಮಟೆ ಬಾರಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುವ ಇಬ್ಬರು. ಹಾಡು, ಮಾತು, ಕುಣಿತ ಮೂರೂ ಸೇರಿ ಕಥೆ ಬೆಳಗಿನ ಜಾವದವರೆಗೆ ಸಾಗುತ್ತದೆ. ಆಂಧ್ರದಲ್ಲಿ ಇದು ಸ್ವಾತಂತ್ರ್ಯದ ಕಾಲಕ್ಕೆ ರಾಜಕೀಯ ಪ್ರಚಾರದ ಆಯುಧವೂ ಆಯಿತು. ಷೇಕ್ ನಾಜರ್ ಎಂಬ ಬುರ್ರಕಥೆಯ ಗಾಯಕರಿಗೆ 1986ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ಸೀಮೆಯಲ್ಲಿ ಇದು ಬುಡ್ಗ ಜಂಗಮರೆಂಬ ಅಲೆಮಾರಿ ಜನರ ಕುಲವೃತ್ತಿಯಾಗಿ ಉಳಿದಿದೆ. ಅವರ ಮನೆಮಾತು ತೆಲುಗು. ಹಾಡುವುದು ಮಾತ್ರ ಕೇಳುವವರ ನುಡಿಯಲ್ಲಿ. ಕನ್ನಡದ ಊರಿನಲ್ಲಿ ಕನ್ನಡ, ತೆಲುಗಿನ ಊರಿನಲ್ಲಿ ತೆಲುಗು, ಎರಡೂ ಬೆರೆತ ಊರಿನಲ್ಲಿ ಎರಡೂ.

ಈ ಪರಂಪರೆಯ ಅತ್ಯಂತ ದೊಡ್ಡ ಹೆಸರು ದರೋಜಿ ಈರಮ್ಮನವರದು. ಸಂಡೂರು ತಾಲ್ಲೂಕಿನ ದರೋಜಿಯ ಈ ತಾಯಿ ಬಾಲ್ಯದಲ್ಲಿಯೇ ತಂದೆಯಿಂದ ಹಾಡು ಕಲಿತರು. ಅಕ್ಷರ ಕಲಿಯಲಿಲ್ಲ. ಅವರ ನೆನಪಿನಲ್ಲಿದ್ದದ್ದು 12 ಕಾವ್ಯಗಳು. ಅಚ್ಚಿನಲ್ಲಿ 7,000 ಪುಟಗಳಷ್ಟಾಗುವ ಸಂಪತ್ತೆಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಎಂದು ಆ ಪಟ್ಟಿ ಬೆಳೆಯುತ್ತದೆ. ಹೆಸರುಗಳನ್ನು ಕೇಳಿದರೇ ಸಾಕು, ಎಷ್ಟು ಸೀಮೆಗಳ ಧೂಳು ಆ ಕಂಠದಲ್ಲಿ ಸೇರಿತ್ತೆಂಬುದು ತಿಳಿಯುತ್ತದೆ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ನಾಡೋಜ ಗೌರವವೂ ಸಂದಿತು. ವಿದ್ವಾಂಸರು ಅವರ ಬಾಯಿಂದ ಕಾವ್ಯಗಳನ್ನು ಬರೆದುಕೊಂಡು ಗ್ರಂಥಗಳನ್ನಾಗಿಸಿದರು. 2014ರಲ್ಲಿ ಅವರು ತೀರಿಕೊಂಡರು.

ಬಳ್ಳಾರಿ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಈ ಎರಡು ನುಡಿಯ ಹಾಡಿನ ಬೆಲೆ ಬೇಗ ಮನವರಿಕೆಯಾದೀತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಜಿಲ್ಲೆಯನ್ನು ಭಾಷೆಯ ಲೆಕ್ಕದಿಂದ ಸೀಳಲಾಯಿತು. ಆದವಾನಿ, ಆಲೂರು, ರಾಯದುರ್ಗ ಆಚೆಗೆ ಹೋದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಬಳ್ಳಾರಿ ನಗರಕ್ಕಾಗಿ ನಡೆದ ಜಗ್ಗಾಟವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಏಕೀಕರಣದ ಆ ಹೋರಾಟ ನ್ಯಾಯವಾದದ್ದೇ. ಕನ್ನಡದ ಉಪನ್ಯಾಸಕನಾದ ನಾನು ಅದರ ಫಲವನ್ನು ಉಂಡವನು. ಆದರೂ ಗಡಿ ಎಳೆಯುವವರು ಒಂದು ಊರಿನಲ್ಲಿ ಎಷ್ಟು ಮಂದಿಯ ಮಾತು ಯಾವುದೆಂದು ಎಣಿಸುತ್ತಿದ್ದಾಗ, ಈ ಮೇಳದವರನ್ನು ಯಾವ ಪಟ್ಟಿಗೆ ಬರೆದುಕೊಂಡಿದ್ದಾರು? ಮನೆಯಲ್ಲಿ ತೆಲುಗು, ಅನ್ನ ಕನ್ನಡದ್ದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿಗಳು ಒಂದು ಜಿಲ್ಲೆ, ಸಂಡೂರು, ಕಂಪ್ಲಿಗಳು ಇನ್ನೊಂದು. ಮೇಳದ ದಾರಿಯ ಮೇಲೆ ಮತ್ತೊಂದು ಗೆರೆ ಬಿದ್ದಿತು.

ಈರಮ್ಮನವರ ಕಾವ್ಯಗಳಲ್ಲಿ ಕುಮಾರರಾಮನ ಕಥೆಯನ್ನು ವಿಶೇಷವಾಗಿ ನೆನೆಯಬೇಕು. ಕಂಪಿಲರಾಯನ ಮಗನಾದ ರಾಮನಾಥ ನಮ್ಮ ನೆಲದ ವೀರ. 1327ರ ಸುಮಾರಿಗೆ ದಿಲ್ಲಿಯ ತುಘಲಕನ ಸೈನ್ಯ ಕಂಪಿಲಿಯ ರಾಜ್ಯವನ್ನು ನೆಲಸಮ ಮಾಡಿತು. ವಿಜಯನಗರ ಹುಟ್ಟಿದ್ದು ಆ ಬೂದಿಯ ಪಕ್ಕದಲ್ಲಿ. ನಂಜುಂಡ ಮೊದಲಾದ ಕವಿಗಳು ರಾಮನಾಥನನ್ನು ಸಾಂಗತ್ಯದಲ್ಲಿ ಹಾಡಿದರು. ಆದರೆ ಓದು ಬಾರದ ಒಕ್ಕಲು ಮಕ್ಕಳ ಮನಸ್ಸಿನಲ್ಲಿ ಅವನನ್ನು ಉಳಿಸಿದವರು ಊರಿಂದೂರಿಗೆ ನಡೆದ ಹಾಡುಗಾರರು. ನೋಮ್ ಪೆನ್‌ನ ಹಾಡು ಯಂತ್ರದ ನೆರವಿನಿಂದ ಉಳಿಯಿತು. ಕಂಪ್ಲಿಯ ಕಥೆ ಕಾಲ್ನಡಿಗೆಯಿಂದ ಉಳಿಯಿತು. ಇಂದು ನಮ್ಮ ಮೇಲೆ ಯಾವ ಸೈನ್ಯವೂ ದಂಡೆತ್ತಿ ಬಂದಿಲ್ಲ. ಆದರೂ ಈ ಹಾಡು ಕ್ಷೀಣಿಸುತ್ತಿದೆ. ಏಕೆ?

ಹೊಟ್ಟೆಯ ಪ್ರಶ್ನೆಯಿಂದಲೇ ಆರಂಭಿಸೋಣ. ಸುಗ್ಗಿ ಮುಗಿದು ರಾಶಿ ಕಣದಲ್ಲಿರುವಾಗ ಮೇಳ ಊರಿಗೆ ಬರುತ್ತಿತ್ತು. ರಾತ್ರಿಯೆಲ್ಲ ಕಥೆ, ಬೆಳಿಗ್ಗೆ ಮೊರದ ತುಂಬ ಜೋಳ. ತುಂಗಭದ್ರೆಯ ನೀರು ಹೊಲಕ್ಕೆ ಬಂದ ಮೇಲೆ ಕಂಪ್ಲಿಯ ಸುತ್ತ ಭತ್ತ, ಕಬ್ಬುಗಳ ಕಾಲ ಬಂದಿತು. ಈಗ ಯಂತ್ರ ಗದ್ದೆಗಿಳಿದು ಕೊಯ್ದು ಬಡಿದು ಕಾಳನ್ನು ಚೀಲಕ್ಕೆ ತುಂಬಿ ಲಾರಿಗೆ ಏರಿಸುತ್ತದೆ. ಕಣವೇ ಇಲ್ಲದ ಮೇಲೆ ಕಣದ ಹಾಡಿಗೆ ಎಡೆಯೆಲ್ಲಿ? ಸಂಡೂರಿನ ಬೆಟ್ಟಗಳಲ್ಲಿ ಅದಿರಿನ ಭರಾಟೆ ನಡೆದ ವರ್ಷಗಳಲ್ಲಿ ದಾರಿಗಳೆಲ್ಲ ಲಾರಿಗಳ ಪಾಲಾದವು. ತರುಣರು ಗುಮ್ಮಟೆ ಕೆಳಗಿಟ್ಟು ಕೂಲಿಗೆ ಹೋದರು. ಅವರನ್ನು ದೂರುವ ಹಕ್ಕು ತಿಂಗಳ ಸಂಬಳ ಎಣಿಸುವ ನಮಗಿಲ್ಲ.

ಎರಡನೆಯದು ಕಾಗದದ ಪ್ರಶ್ನೆ. ಛೋಮ್ ನಿಮೊಲ್ ಕೂಡ ಅಮೆರಿಕದಲ್ಲಿ ವೀಸಾದ ತೊಂದರೆಯಿಂದ ಕೆಲಕಾಲ ಬಂಧನದಲ್ಲಿದ್ದಳು. ಹಾಡುತ್ತ ಅಲೆಯುವವರನ್ನು ಕಂಡರೆ ಸರಕಾರಗಳಿಗೆ ಎಲ್ಲ ಕಡೆಯೂ ಅನುಮಾನ. ನಮ್ಮಲ್ಲಿ ಬುಡ್ಗ ಜಂಗಮರ ಹೆಸರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಆದರೆ ಊರೂರು ತಿರುಗಿದವನಿಗೆ ಕಾಯಂ ವಿಳಾಸವಿಲ್ಲ, ತಂದೆಯ ಶಾಲಾ ದಾಖಲೆಯಿಲ್ಲ. ಜಾತಿ ಪ್ರಮಾಣಪತ್ರ ಕೈಗೆ ಸಿಗುವುದು ಕಷ್ಟ. ಅದೇ ಪಟ್ಟಿಯಲ್ಲಿರುವ ಬೇಡ ಜಂಗಮ ಎಂಬ ಹೆಸರಿನ ಸುತ್ತ ಎದ್ದಿರುವ ವಿವಾದದಿಂದ, ನಿಜವಾದ ಅಲೆಮಾರಿಯ ಅರ್ಜಿಯನ್ನೂ ಅಧಿಕಾರಿಗಳು ಹತ್ತು ಸಲ ತಿರುಗಿಸಿ ನೋಡುವಂತಾಗಿದೆ. 2025ರಲ್ಲಿ ಒಳಮೀಸಲಾತಿಯ ವಿಚಾರ ಬಂದಾಗ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗವು 59 ಸಣ್ಣ, ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇಕಡಾ 1ರ ಪಾಲನ್ನು ಸೂಚಿಸಿತ್ತು. ಆ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟವು ಅವರನ್ನು ಬೇರೆ ಜಾತಿಗಳೊಡನೆ ಸೇರಿಸಿ ಶೇಕಡಾ 5ರ ಗುಂಪಿನಲ್ಲಿಟ್ಟಿತು. ಅಲೆಮಾರಿಗಳು ಬೆಂಗಳೂರಿನಲ್ಲಿ ಧರಣಿ ಕುಳಿತರು. ಬಲವುಳ್ಳವರೊಡನೆ ಒಂದೇ ಪಂಕ್ತಿಯಲ್ಲಿ ಕೂತರೆ ಎಲೆಗೆ ಏನು ಬಿದ್ದೀತೆಂಬ ಅವರ ಅಂಜಿಕೆ ಅನುಭವದಿಂದ ಬಂದದ್ದು. ಈ ವಿಷಯಕ್ಕೂ ಸಾಹಿತ್ಯಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಕಾವ್ಯವನ್ನು ಹೊತ್ತ ಕುಟುಂಬವೇ ಕಾವ್ಯದ ಗ್ರಂಥಾಲಯವಾಗಿರುವಾಗ, ಆ ಮನೆಯ ಮಗುವಿನ ಶಾಲೆಯ ಪ್ರಶ್ನೆ ಸಾಹಿತ್ಯದ ಪ್ರಶ್ನೆಯೂ ಹೌದು.

ಮೂರನೆಯ ಕಾರಣ ನಮ್ಮಂಥವರು. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದ ಹೊಣೆ ನನ್ನ ಮೇಲಿತ್ತು. ಬುರ್ರಕಥೆಯ ಮೇಳವೊಂದನ್ನು ಕರೆಸಿದೆ. ಅತಿಥಿಗಳ ಭಾಷಣಗಳು ಬೆಳೆದು ಹೊತ್ತಾಯಿತು. ನಾನು ಮೇಳದ ಮುದುಕಿಯ ಬಳಿಗೆ ಹೋಗಿ, “ಅಮ್ಮ, ಕಾಲು ಗಂಟೆಯಲ್ಲಿ ಮುಗಿಸಿಕೊಡಿ” ಎಂದೆ. ಆಕೆ ಸಿಟ್ಟಾಗಲಿಲ್ಲ. “ಕಾಲು ಗಂಟ್ಯಾಗ ಗಣಪ್ಪನ ಸ್ತುತಿ ಮುಗೀತೈತಿ ಸಾಮಿ, ಕುಮಾರರಾಮ ಹುಟ್ಟಂಗಿಲ್ಲ” ಎಂದಳು. ಸಭೆ ಸ್ತುತಿಗೇ ಚಪ್ಪಾಳೆ ತಟ್ಟಿತು. ಶಾಲು ಹೊದೆಸಿ, ಹಾರ ಹಾಕಿ, ಛಾಯಾಚಿತ್ರ ತೆಗೆದು ಕಳುಹಿಸಿಕೊಟ್ಟೆವು. ಆಕೆ ಹೇಳಿದ್ದು ಸಮಯದ ಲೆಕ್ಕವೆಂದು ಅಂದು ತಿಳಿದಿದ್ದೆ. ಕಥೆಯನ್ನು ಹುಟ್ಟಗೊಡದೆ ಕಥೆಗಾರ್ತಿಯನ್ನು ಸನ್ಮಾನಿಸುವ ನಮ್ಮ ರೀತಿಯನ್ನೇ ಆಕೆ ಹೇಳಿದಳೆಂದು ಇಂದು ತೋರುತ್ತದೆ. ಉತ್ಸವಗಳ ಮೆರವಣಿಗೆಗಳಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಇದೇ. ರಾತ್ರಿಯ ಕಾವ್ಯಕ್ಕೆ ಹಗಲಿನ ಬೀದಿಯಲ್ಲಿ ಹತ್ತು ನಿಮಿಷದ ವೇಷ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಹಂಪಿಗೆ ದಶಕಗಳಿಂದ ದೇಶವಿದೇಶದ ಜನ ಗಿಟಾರು ಹೊತ್ತು ಬಂದರಲ್ಲ; ನದಿಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ಸಂಜೆಯೆಲ್ಲ ಹಾಡಿದರಲ್ಲ; ಹಾಗಾದರೆ ನಮ್ಮ ಮೇಳಕ್ಕೂ ಅವರಿಗೂ ಬೆರಕೆ ಏಕಾಗಲಿಲ್ಲ? ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ಆ ಗಡ್ಡೆಯ ಅನಧಿಕೃತ ಕಟ್ಟಡಗಳನ್ನು ಕೆಡವಲಾಯಿತು. ಅಷ್ಟು ವರ್ಷಗಳ ನೆರೆಹೊರೆಯಿಂದ ನೆನಪಿನಲ್ಲಿ ಉಳಿಯುವಂಥ ಒಂದು ಮೇಳವೂ ಹುಟ್ಟಲಿಲ್ಲವೆಂಬುದು ಯೋಚಿಸತಕ್ಕ ಮಾತು. ನನಗೆ ತೋರುವ ಉತ್ತರ ಇಷ್ಟು. ಬಂದವರು ನೋಡುವವರಾಗಿದ್ದರು, ನಮ್ಮವರು ನೋಡಿಸಿಕೊಳ್ಳುವವರಾಗಿದ್ದರು. ಲಾಂಗ್ ಬೀಚ್‌ನ ಗಾಯಕಿಯೂ ಅಮೆರಿಕದ ವಾದಕರೂ ಒಂದೇ ಬಂಡಿಯಲ್ಲಿ ಕೂತು ಊರೂರು ಅಲೆದರು. ಒಂದೇ ಗಳಿಕೆಯನ್ನು ಹಂಚಿಕೊಂಡರು. ಬುರ್ರಕಥೆಯವರೂ ಹಾಗೆಯೇ, ಕೇಳುವವರ ಕಣದಲ್ಲಿ ಉಂಡು ಮಲಗಿ ಅವರ ನುಡಿಯನ್ನು ಕಲಿತರು. ಸಂಗೀತಗಳು ಬೆರೆಯುವುದು ಕುತೂಹಲದಿಂದಲ್ಲ, ಒಟ್ಟಿಗೆ ಬಾಳುವುದರಿಂದ.

ಇನ್ನು ಕೆಲವರು, ಕಾವ್ಯಗಳು ಅಚ್ಚಾಗಿವೆ, ಮೊಬೈಲಿನಲ್ಲಿ ಹಾಡುಗಳೂ ಸಿಗುತ್ತವೆ, ಉಳಿದದ್ದಕ್ಕೆ ಏಕೆ ಕೊರಗಬೇಕೆನ್ನುತ್ತಾರೆ. ಅಚ್ಚಿನ ಉಪಕಾರ ಚಿಕ್ಕದಲ್ಲ. ಅದರಿಂದಲೇ ನಾನು ಪಾಠ ಹೇಳುತ್ತಿದ್ದೇನೆ. ಆದರೆ ಪುಸ್ತಕದಲ್ಲಿ ಸೊಲ್ಲು ಕೂಡಿಸುವ ಪಕ್ಕದವರಿಲ್ಲ, ನಡುರಾತ್ರಿಯಲ್ಲಿ ನಿದ್ದೆ ಹೋದವನನ್ನು ಎಬ್ಬಿಸುವ ಚೇಷ್ಟೆಯ ಮಾತಿಲ್ಲ, ಕೇಳುವವರ ಊರನ್ನು ಕಥೆಯೊಳಗೆ ಎಳೆದುತರುವ ಜಾಣ್ಮೆಯಿಲ್ಲ. ಕಾಂಬೋಡಿಯದ ತಟ್ಟೆಗಳು ತಾವಾಗಿ ಜೀವ ತಳೆಯಲಿಲ್ಲ. ಅವುಗಳನ್ನು ಹಾಡಬಲ್ಲ ಒಂದು ಕಂಠ ಬೇಕಾಯಿತು. ಆ ಕಂಠ ಗಾಯಕರ ಮನೆತನದಿಂದಲೇ ಬಂದಿತು.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನಮ್ಮ ಸೀಮೆಯ ಒಂದೊಂದು ಕಾಲೇಜೂ ವರ್ಷಕ್ಕೊಮ್ಮೆ ಒಂದು ಮೇಳಕ್ಕೆ ಇಡೀ ರಾತ್ರಿಯನ್ನು ಕೊಡಲಿ. ಶಾಲಿನ ಬದಲು ತಕ್ಕ ಸಂಭಾವನೆ ಕೊಡಲಿ. ಧ್ವನಿಮುದ್ರಿಸುವವರು ಕನ್ನಡದ ಭಾಗವನ್ನಷ್ಟೇ ಆರಿಸಿಕೊಳ್ಳದೆ ಮೇಳದವರು ತಮ್ಮೊಳಗೆ ಆಡುವ ತೆಲುಗನ್ನೂ, ಪಕ್ಕದವರ ಮಾತನ್ನೂ ಹಿಡಿದಿಡಲಿ. ತಹಸೀಲ್ದಾರರ ಕಚೇರಿಗೆ ಅರ್ಜಿ ಬರೆದುಕೊಡುವಷ್ಟು ಅಕ್ಷರ ನಮ್ಮ ವಿದ್ಯಾರ್ಥಿಗಳಿಗಿದೆ. ಕಾವ್ಯವನ್ನು ಓದಿ ಅಂಕ ಪಡೆದವರು ಕಾವ್ಯ ಕೊಟ್ಟವರಿಗೆ ಅಷ್ಟು ಸಲ್ಲಿಸುವುದು ನ್ಯಾಯ.

ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು, ಬುರ್ರಕಥೆಯ ಅವ್ವ ಈಗಲೂ ನಿಮ್ಮೂರಿಗೆ ಬರುತ್ತಾರೆಯೇ ಎಂದು ಕೇಳಿದೆ. “ಎರಡು ವರ್ಷ ಆತ್ರಿ ಸರ್, ಬಂದಿಲ್ಲ” ಎಂದಳು. ಎಲ್ಲಿರುತ್ತಾರೆಂದು ವಿಚಾರಿಸಿಕೊಂಡು ಬರಲು ಹೇಳಿದ್ದೇನೆ. ಈ ಬಾರಿ ಕಾಲು ಗಂಟೆಯ ಮಾತೆತ್ತಲಾರೆ. ಕುಮಾರರಾಮ ಹುಟ್ಟುವವರೆಗೆ ಕಾದು ಕೂರುತ್ತೇನೆ.